ಮುಗಿಯದ ಹಾಡನ್ನು ಮುಗಿಸುವವರು ಯಾರು?

ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ಟಿನಲ್ಲಿ ಜಿಮಿ ಹೆಂಡ್ರಿಕ್ಸ್‌ನ 'ಕ್ರ್ಯಾಶ್ ಲ್ಯಾಂಡಿಂಗ್' ಇತ್ತು. ತಿಂಗಳುಗಟ್ಟಲೆ ಅದನ್ನೇ ಕೇಳಿದೆ. ಗಿಟಾರು ಒಂದು ಮಾತು ಎಸೆದರೆ ಡ್ರಮ್ಸ್ ಅದನ್ನು ಹಿಡಿದು ಮರಳಿಸುವ ಬಗೆ ನನಗೆ ಬಹಳ ಇಷ್ಟವಾಗಿತ್ತು. ಅಲ್ಲಿನ ಹೆಚ್ಚಿನ ಹಾಡುಗಳಲ್ಲಿ ಡ್ರಮ್ಸ್ ನುಡಿಸಿದವರು ಆ ಗಿಟಾರು ನುಡಿದ ಹೊತ್ತಿನಲ್ಲಿ ಅಲ್ಲಿರಲೇ ಇಲ್ಲ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

1970ರ ಸೆಪ್ಟೆಂಬರ್ 18ರಂದು ಹೆಂಡ್ರಿಕ್ಸ್ ಲಂಡನ್ನಿನಲ್ಲಿ ತೀರಿಕೊಂಡಾಗ ಅವನಿಗೆ 27 ವರ್ಷ. ಬದುಕಿದ್ದಾಗ ಹೊರಬಂದ ಸ್ಟುಡಿಯೊ ಆಲ್ಬಂಗಳು ಮೂರೇ. ನಾಲ್ಕನೆಯದರ ಕೆಲಸ ಅರ್ಧದಲ್ಲಿತ್ತು. ಧ್ವನಿತಂತ್ರಜ್ಞ ಎಡ್ಡಿ ಕ್ರೇಮರ್ ಮತ್ತು ಡ್ರಮ್ಮರ್ ಮಿಚ್ ಮಿಚೆಲ್ ಉಳಿದ ಟೇಪುಗಳಿಂದ ಆಯ್ದು 1971ರಲ್ಲಿ 'ದ ಕ್ರೈ ಆಫ್ ಲವ್' ತಂದರು. 1975ರ 'ಕ್ರ್ಯಾಶ್ ಲ್ಯಾಂಡಿಂಗ್'ನ ನಿರ್ಮಾಪಕ ಅಲನ್ ಡಗ್ಲಸ್ ಬೇರೆ ದಾರಿ ಹಿಡಿದರು. ಜೊತೆಗಾರರ ನುಡಿಸಾಣಿಕೆಯನ್ನು ತೆಗೆದು, ಬಾಡಿಗೆಯ ಕಲಾವಿದರಿಂದ ಹೊಸದಾಗಿ ನುಡಿಸಿ ಕೂರಿಸಿದರು. ಕೆಲವು ಹಾಡುಗಳಿಗೆ ಸಹರಚನಕಾರ ಎಂದು ತಮ್ಮ ಹೆಸರನ್ನೂ ಹಾಕಿಕೊಂಡರು. ಆಲ್ಬಂ ಚೆನ್ನಾಗಿಯೇ ಮಾರಾಟವಾಯಿತು.

ಇದರಲ್ಲಿ ತಪ್ಪೇನು? ಸತ್ತವನಿಗೆ ನೋವಿಲ್ಲ, ಕೇಳುವವನಿಗೆ ಸುಖವಿದೆ. ಹಾಗಾದರೆ ಅನ್ಯಾಯವಾದದ್ದು ಯಾರಿಗೆ?

ಸತ್ತ ಮೇಲೆ ಏನನ್ನೂ ಸೇರಿಸಬಾರದು ಎಂಬುದು ಉತ್ತರವಾಗಲಾರದು. 'ದ ಕ್ರೈ ಆಫ್ ಲವ್'ನ 'ಡ್ರಿಫ್ಟಿಂಗ್' ಹಾಡಿನಲ್ಲಿರುವ ವೈಬ್ರಫೋನ್ ಕೂಡ ಅವನು ಹೋದ ಮೇಲೆ ಸೇರಿದ್ದೇ. ನಮ್ಮ ಪರಂಪರೆಯಲ್ಲಿಯೂ ಬಾಣಭಟ್ಟ ಬಿಟ್ಟುಹೋದ 'ಕಾದಂಬರಿ'ಯನ್ನು ಮಗ ಭೂಷಣಭಟ್ಟ ಪೂರ್ತಿ ಮಾಡಿದ. ಆದರೆ ಅವನು ಅಪ್ಪ ನಿಲ್ಲಿಸಿದಲ್ಲಿಂದ ಮುಂದುವರಿಸಿದನೇ ಹೊರತು ಅಪ್ಪನ ವಾಕ್ಯಗಳ ಒಳಹೊಕ್ಕು ತಿದ್ದಲಿಲ್ಲ. ಪೂರ್ವಭಾಗ ಯಾವುದು, ಉತ್ತರಭಾಗ ಯಾವುದು ಎಂಬ ಹೊಲಿಗೆ ಇವತ್ತಿಗೂ ಕಾಣುತ್ತದೆ.

ಸೇರಿಸುವುದಕ್ಕೂ ಅಳಿಸಿ ತುಂಬುವುದಕ್ಕೂ ಇರುವ ವ್ಯತ್ಯಾಸ ಇದೇ. ಜೊತೆಯಾಗಿ ನುಡಿಸುವ ಸಂಗೀತ ಒಂದು ಸಂಭಾಷಣೆ. ಡ್ರಮ್ಮರ್ ಒಂದು ಕ್ಷಣ ತಡೆದದ್ದಕ್ಕೆ ಗಿಟಾರಿನವನು ಸ್ವರವನ್ನು ಎಳೆದಿರುತ್ತಾನೆ. ಪ್ರಶ್ನೆ ಕೇಳಿದವನನ್ನು ಅಳಿಸಿ ಅಲ್ಲಿ ಬೇರೊಬ್ಬನನ್ನು ಕೂರಿಸಿದರೆ, ಉತ್ತರದಲ್ಲಿ ಒಂದಕ್ಷರ ಬದಲಾಗದಿದ್ದರೂ ಅರ್ಥ ಬದಲಾಗುತ್ತದೆ. ಆಡದ ಮಾತನ್ನು ಆಡಿಸಿದಂತಾಗುತ್ತದೆ. ನಾವು ಸತ್ತ ಮೇಲೆ ನಮ್ಮ ಪತ್ರವನ್ನು ಯಾರೋ ತಿದ್ದಿ ನಮ್ಮ ಸಹಿಯೊಂದಿಗೇ ಅಚ್ಚು ಹಾಕುತ್ತಾರೆ ಎಂದು ಇವತ್ತೇ ತಿಳಿದರೆ ನಮಗೆ ಸಂಕಟವಾಗದೇ? ಆ ಸಂಕಟ ಪಡುವವನು ಬದುಕಿರುವ ಮನುಷ್ಯ. ಅನ್ಯಾಯವಾಗುವುದು ಅವನಿಗೆ.

'ಡಗ್ಲಸ್ ಇಲ್ಲದಿದ್ದರೆ ಆ ಹಾಡುಗಳು ಪೆಟ್ಟಿಗೆಯಲ್ಲೇ ಕೊಳೆಯುತ್ತಿದ್ದವು' ಎನ್ನಬಹುದು. ಆದರೆ ಆಯ್ಕೆ ಇದ್ದದ್ದು ತಿದ್ದುವುದು ಮತ್ತು ಮುಚ್ಚಿಡುವುದರ ನಡುವೆ ಮಾತ್ರ ಅಲ್ಲ. ಆ ಆಲ್ಬಮ್ಮಿನ 'ಸಮ್‌ವೇರ್' ಹಾಡನ್ನೇ ನೋಡಿ. 1968ರಲ್ಲಿ ಬಡ್ಡಿ ಮೈಲ್ಸ್ ಡ್ರಮ್ಸ್, ಸ್ಟೀಫನ್ ಸ್ಟಿಲ್ಸ್ ಬೇಸ್ ನುಡಿಸಿದ ಅದರ ರೂಪವೊಂದು 2013ರಲ್ಲಿ ಹೊರಬಂತು. ಒರಟಾಗಿದೆ, ಆದರೆ ಒಂದೇ ಕೋಣೆಯಲ್ಲಿದ್ದವರ ಉಸಿರು ಅದರಲ್ಲಿದೆ.

ಕಾನೂನು ಹೋರಾಟದ ನಂತರ 1995ರಲ್ಲಿ ಹಕ್ಕುಗಳು ತಂದೆ ಅಲ್ ಹೆಂಡ್ರಿಕ್ಸ್ ಕೈಸೇರಿದವು. 1997ರಲ್ಲಿ ಕುಟುಂಬದವರು, ಮಗ ಯೋಚಿಸಿದ್ದ 'ಫಸ್ಟ್ ರೇಸ್ ಆಫ್ ದ ನ್ಯೂ ರೈಸಿಂಗ್ ಸನ್' ಎಂಬ ಹೆಸರಿನಲ್ಲೇ ಹಾಡುಗಳನ್ನು ಜೋಡಿಸಿದರು. ಇಲ್ಲೂ ನಾವು ಎಚ್ಚರವಾಗಿರಬೇಕು. ಅವನು ಕೈಯಾರೆ ಬರೆದ ಹಾಡುಗಳ ಪಟ್ಟಿ ಉಳಿದಿದೆ ನಿಜ. ಆದರೆ ಪಟ್ಟಿ ಆಲ್ಬಂ ಅಲ್ಲ. ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿ ಬದಲಿಸುತ್ತಿದ್ದವನ ಕೊನೆಯ ಟೇಪು ಅವನ ಕೊನೆಯ ತೀರ್ಮಾನ ಆಗಬೇಕಿಲ್ಲ. ರಕ್ತಸಂಬಂಧ ಹಕ್ಕನ್ನು ಕೊಡುತ್ತದೆ, ಮನಸ್ಸನ್ನು ಓದುವ ಶಕ್ತಿಯನ್ನಲ್ಲ.

ಹಾಗಾಗಿ ಉಳಿದವರು ಮಾಡಬಹುದಾದ ಪ್ರಾಮಾಣಿಕ ಕೆಲಸ ಇಷ್ಟೇ ಅನ್ನಿಸುತ್ತದೆ: ಕೈಗೆ ಸಿಕ್ಕಿದ್ದನ್ನು ಕೊಡುವುದು, ತಮ್ಮ ಹೊಲಿಗೆ ಎಲ್ಲಿದೆ ಎಂದು ತೋರಿಸುವುದು, ಮುಗಿಯದ್ದನ್ನು ಮುಗಿಯದ್ದು ಎಂದೇ ಕರೆಯುವುದು.

ಆ ಕ್ಯಾಸೆಟ್ಟು ಈಗಲೂ ನನ್ನ ಬಳಿ ಇದೆ. ಅದರ ಮೇಲಿನ ಪ್ರೀತಿ ಹೋಗಿಲ್ಲ. ಆದರೆ ಈಗ ಅದನ್ನು ಕೇಳುವಾಗ, ಅಳಿಸಿಹೋದ ಡ್ರಮ್ಮರ್ ಏನು ನುಡಿಸಿದ್ದಿರಬಹುದು ಎಂದು ಕಿವಿ ತಾನಾಗಿ ಹುಡುಕುತ್ತದೆ.