ಇನ್ನೂ ಹುಟ್ಟದವರ ಪಾಲಿನ ನೀರು

ಘಾಟಿ ಸುಬ್ರಹ್ಮಣ್ಯ ನಮ್ಮಲ್ಲಿ ಬಹಳ ಜನಕ್ಕೆ ಭಾನುವಾರದ ಅರ್ಧ ದಿನದ ಕೆಲಸ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಬೆನ್ನಿಗೆ ನರಸಿಂಹ. ಹಿಂದಿರುವ ನರಸಿಂಹನನ್ನು ಕನ್ನಡಿಯಲ್ಲಿ ನೋಡಿ, ಪ್ರಸಾದ ತಗೊಂಡು, ಊಟದ ಹೊತ್ತಿಗೆ ವಾಪಸ್. ಆದರೆ ಆ ಜಾಗದ ನಿಜವಾದ ಕಥೆ ಇರೋದು ಹೊರಗಡೆ, ಸಾಲು ಸಾಲಾಗಿ ನಿಂತಿರುವ ನಾಗರಕಲ್ಲುಗಳಲ್ಲಿ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿದ ಕಲ್ಲುಗಳು ಅವು. ಒಂದೊಂದರ ಹಿಂದೆಯೂ ಒಂದು ಮನೆ, ಆಸ್ಪತ್ರೆ ಬಿಲ್ಲುಗಳು, ಅತ್ತೆಮನೆಯ ಮಾತುಗಳು ಇರ್ತವೆ. (ಆ ಮಾತುಗಳನ್ನು ಯಾವಾಗಲೂ ಹೆಂಗಸೇ ಕೇಳಿಸಿಕೊಳ್ಳಬೇಕು ಅನ್ನೋದು ಬೇರೆ ಸಂಕಟ.)

ನಂಬಿಕೆ ಸರಿಯೋ ತಪ್ಪೋ, ಅದು ಪಕ್ಕಕ್ಕಿರಲಿ. ಇನ್ನೂ ಈ ಲೋಕದಲ್ಲೇ ಇಲ್ಲದ ಒಂದು ಜೀವಕ್ಕಾಗಿ ದುಡ್ಡು, ದಿನ, ಉಪವಾಸ ಎಲ್ಲ ಖರ್ಚು ಮಾಡ್ತಾರಲ್ಲ, ಅದು ನನಗೆ ಸಣ್ಣ ಸಂಗತಿ ಅನ್ನಿಸಲ್ಲ. ಹಾಗಾದರೆ ಕಲ್ಲಿನ ಬುಡದಿಂದ ಸ್ವಲ್ಪ ಈಚೆ ಬಂದು ಕೇಳೋಣ: ಹುಟ್ಟಲಿ ಅಂತ ಇಷ್ಟು ಬೇಡಿಕೊಂಡ ಮಗುವಿಗೆ ನಾವು ಏನು ಇಟ್ಟಿದ್ದೀವಿ?

ಇದೇ ದೊಡ್ಡಬಳ್ಳಾಪುರ ತಾಲ್ಲೂಕಿನ ನೀರನ್ನೇ ತಗೊಳ್ಳಿ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಇಲ್ಲಿನ ಕೆರೆಗಳನ್ನು ತುಂಬಿಸಿಕೊಂಡು ಹೆಸರಘಟ್ಟಕ್ಕೆ ಹೋಗ್ತಿತ್ತು. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಬಂದದ್ದು ಆ ಹೆಸರಘಟ್ಟದಿಂದಲೇ. ಈಗ ನಾವು ಕಾವೇರಿಯನ್ನು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರಿಸ್ಕೋತೀವಿ. ಅರ್ಕಾವತಿಯ ಹಳ್ಳಿಗಳಲ್ಲಿ ಬೋರ್‌ವೆಲ್ 1,000 ಅಡಿ ದಾಟಿದೆ. ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳಿಗೆ ನಗರದ ಕೊಳಚೆ, ಕೈಗಾರಿಕಾ ಪ್ರದೇಶದ ತ್ಯಾಜ್ಯ ಸೇರಿ, ಅಲ್ಲಿನ ಜನ ಶುದ್ಧೀಕರಣ ಘಟಕ ಕೊಡಿ ಅಂತ ವರ್ಷಗಟ್ಟಲೆ ಹೋರಾಡಿದ್ದಾರೆ.

'ಮುಂದಿನ ಪೀಳಿಗೆಗೆ ಅನ್ಯಾಯ' ಅಂತ ಭಾಷಣದಲ್ಲಿ ಹೇಳೋದು ಸುಲಭ. ಡೆರೆಕ್ ಪಾರ್ಫಿಟ್ ಎಂಬ ಇಂಗ್ಲೆಂಡಿನ ತತ್ತ್ವಜ್ಞಾನಿ 1984ರ ತನ್ನ ಪುಸ್ತಕದಲ್ಲಿ ಇದಕ್ಕೊಂದು ತೊಡಕು ಹಾಕಿಟ್ಟ. ನಮ್ಮ ಊರಿನ ಲೆಕ್ಕದಲ್ಲಿ ಹೇಳ್ತೀನಿ. ಒಂದು ಫ್ಯಾಕ್ಟರಿ ಬಂತು, ಕೆರೆ ಕೆಟ್ಟಿತು. ಅದೇ ಫ್ಯಾಕ್ಟರಿಗೆ ಕೆಲಸಕ್ಕೆ ಬಂದ ಹುಡುಗ ಪಕ್ಕದ ಊರಿನ ಹುಡುಗಿಯನ್ನು ಮದುವೆಯಾದ, ಮಗು ಹುಟ್ಟಿತು. ಫ್ಯಾಕ್ಟರಿಯೇ ಬರದಿದ್ದರೆ ಅವರಿಬ್ಬರು ಭೇಟಿಯಾಗ್ತಿರಲಿಲ್ಲ, ಈ ಮಗು ಇರ್ತಿರಲಿಲ್ಲ. ಹಾಗಾದರೆ ಕೆಟ್ಟ ಕೆರೆಯಿಂದ ಈ ಮಗುವಿಗೆ ನಷ್ಟ ಆಯ್ತು ಅಂತ ಹೇಗೆ ಹೇಳ್ತೀರಿ? ಕೆರೆ ಚೆನ್ನಾಗಿದ್ದ ಊರಲ್ಲಿ ಆ ಮಗುವೇ ಇಲ್ಲವಲ್ಲ!

ಮೊದಲ ಸಲ ಕೇಳಿದಾಗ ಇದು ವಕೀಲರ ಚಮತ್ಕಾರ ಅನ್ನಿಸುತ್ತೆ. ಆದರೆ ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸೋಕೆ ಹೋದರೆ ಸುಲಭಕ್ಕೆ ಸಿಗಲ್ಲ. ಪಾರ್ಫಿಟ್ ಕೂಡ ಕೆರೆ ಕೆಡಿಸಬಹುದು ಅಂತ ಹೇಳಲಿಲ್ಲ. ಇಂಥವನಿಗೆ ಇಷ್ಟು ನಷ್ಟ ಅಂತ ಲೆಕ್ಕ ಹಾಕುವ ನೀತಿ ಇಲ್ಲಿ ಸಾಲದು ಅಂತಲೇ ಅವನ ವಾದ.

ನನಗೆ ಉತ್ತರದ ಎಳೆ ಸಿಗೋದು ಅನ್ನದಾನದ ಅಡುಗೆಮನೆಯಲ್ಲಿ. ದೊಡ್ಡ ದೇವಸ್ಥಾನಗಳಲ್ಲಿ ಅನ್ನಕ್ಕೆ ಎಸರಿಡುವಾಗ ಯಾರು ಬರ್ತಾರೆ ಅಂತ ಯಾರಿಗೂ ಗೊತ್ತಿರಲ್ಲ. ಪಂಕ್ತಿಯಲ್ಲಿ ಯಾರು ಕೂತರೂ ಅವರಿಗೆ ಬಿಸಿ ಅನ್ನ ಸಿಗಬೇಕು. ಹಳಸಿದ್ದನ್ನು ಬಡಿಸಿ, 'ನಿನ್ನ ಹೆಸರು ನನಗೆ ಮೊದಲೇ ಗೊತ್ತಿರಲಿಲ್ಲ, ಹಾಗಾಗಿ ನಿನಗೆ ಅನ್ಯಾಯ ಆಗಿಲ್ಲ' ಅಂದರೆ ಯಾರು ಕೇಳ್ತಾರೆ? ಅಡುಗೆಯವರ ಜವಾಬ್ದಾರಿ ಹೆಸರಿರುವ ವ್ಯಕ್ತಿಗಲ್ಲ, ಎಲೆ ಮುಂದೆ ಬಂದು ಕೂರುವವರಿಗೆ. ಕೆರೆಯೂ ಹಾಗೆಯೇ ಅಂತ ನನ್ನ ಅನಿಸಿಕೆ.

ಹಳಬರಿಗೆ ಈ ವಿಷಯ ನಮಗಿಂತ ಸಲೀಸಾಗಿ ಹೊಳೆದಿತ್ತು ಅನ್ನಿಸುತ್ತೆ. ಸಪ್ತಸಂತಾನ ಅಂತ ಒಂದು ಪಟ್ಟಿ ಮಾಡಿದ್ದರು. ಅದರಲ್ಲಿ ಮಗನ ಜೊತೆ ಕೆರೆ, ತೋಪು, ದೇವಾಲಯ, ಕಾವ್ಯ ಕೂಡ ಸೇರಿವೆ. ಅಂದರೆ ಕೆರೆ ಕಟ್ಟಿಸಿದವನಿಗೂ ಸಂತಾನವಾದಂತೆಯೇ ಲೆಕ್ಕ. ನಾಗರಕಲ್ಲಿನ ಮುಂದೆ ನಿಂತು ಇದನ್ನು ನೆನೆದರೆ ಸ್ವಲ್ಪ ವಿಚಿತ್ರ ಸಮಾಧಾನ. ಮಕ್ಕಳಿಲ್ಲದವರು ಸಾಲ ಉಳಿಸಿಕೊಂಡವರಲ್ಲ. ಮಕ್ಕಳಿದ್ದೂ ಕೆರೆ ಕೆಡಿಸಿದವರ ಬಗ್ಗೆ ಆ ಪಟ್ಟಿ ಏನೂ ಹೇಳಲ್ಲ, ಆದರೆ ಊಹಿಸಬಹುದು. ದಾನಶಾಸನಗಳ ಕಲ್ಲಿನ ಮೇಲೆ ಸೂರ್ಯ ಚಂದ್ರರನ್ನು ಕೆತ್ತಿರ್ತಾರೆ ನೋಡಿ, ಅವು ಇರೋ ತನಕ ಈ ದಾನ ನಡೀಲಿ ಅಂತ. ನಮ್ಮ ಪ್ಲಾನಿಂಗ್ ಮೂರು ತಿಂಗಳ ಕ್ವಾರ್ಟರ್ ದಾಟಲ್ಲ. ಹಾಗಂತ ಹಳೆ ಕಾಲ ಚಿನ್ನದ ಕಾಲವೇನಲ್ಲ, ಆ ಕೆರೆಗಳ ನೀರನ್ನು ಎಲ್ಲ ಜಾತಿಯವರೂ ಒಂದೇ ಸೋಪಾನದಲ್ಲಿ ತುಂಬಿಕೊಳ್ಳೋ ಹಾಗಿರಲಿಲ್ಲ. ಮುಂದಿನವರಿಗೆ ಅಂತ ಯೋಚಿಸಿದವರೂ ಪಕ್ಕದಲ್ಲಿದ್ದವರನ್ನು ಬಿಟ್ಟಿದ್ದರು.

ವೇಲ್ಸ್ ದೇಶ 2015ರಲ್ಲಿ ಭವಿಷ್ಯದ ಪೀಳಿಗೆಗಳಿಗೆ ಅಂತಲೇ ಕಾನೂನು ಮಾಡಿ, ಅವರ ಪರ ಮಾತಾಡೋಕೆ ಒಬ್ಬ ಕಮಿಷನರನ್ನು ಇಟ್ಟಿದೆ. ಒಳ್ಳೇದೇ. ನಮಗೆ ಅಷ್ಟು ದೂರ ಹೋಗೋದೂ ಬೇಕಿಲ್ಲ. ಹೆಬ್ಬಾಳ, ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಪಂಪ್ ಮಾಡ್ತಿದ್ದಾರೆ. ಅಂದರೆ ಆ ಕಣಿವೆಯ ಅಪಾರ್ಟ್‌ಮೆಂಟುಗಳಲ್ಲಿ ಫ್ಲಶ್ ಮಾಡಿದ ನೀರು ಅಲ್ಲಿನ ಅಂತರ್ಜಲಕ್ಕೆ ಇಳಿಯುತ್ತೆ. ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಅಲ್ಲಿನ ರೈತರು ಕೇಳ್ತಾನೇ ಇದ್ದಾರೆ. ಅದಕ್ಕೆ ದುಡ್ಡು ಯಾರು ಕೊಡಬೇಕು ಅಂದರೆ, ಫ್ಲಶ್ ಒತ್ತುವವರೇ. ನನ್ನ ನೀರಿನ ಬಿಲ್ ಅದರಿಂದ ಏರಿದರೆ ನನ್ನ ತಕರಾರಿಲ್ಲ. ಪಕ್ಕದ ಫ್ಲ್ಯಾಟಿನವರನ್ನು ಇನ್ನೂ ಕೇಳಿಲ್ಲ.