ಗ್ಲಾನಸೇವೆಯೆಂಬ ಅಂತರಂಗ ತಪಸ್ಸು



ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಆರು ಅಂತರಂಗ ತಪಸ್ಸುಗಳನ್ನು ಹೇಳುವಾಗ ಸ್ವಾಧ್ಯಾಯ, ಧ್ಯಾನಗಳಿಗಿಂತ ಮೊದಲೇ ವೈಯಾವೃತ್ತ್ಯವನ್ನು ಇರಿಸಿದ್ದಾರೆ. ಆ ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ರೋಗಪೀಡಿತನಾದ ‘ಗ್ಲಾನ’ನೂ ಒಬ್ಬನು. ಅಲ್ಲಿ ಉದ್ದೇಶಿತರು ಮುನಿಗಳೇ ಆದರೂ ಶ್ರಾವಕನಿಗೆ ಆ ಮಾತು ಸಲ್ಲದೆಂದು ತಿಳಿಯಬಾರದು. ಉಪವಾಸಕ್ಕೆ ಪಾರಣೆಯ ದಿನವೊಂದಿದೆ, ಗ್ಲಾನಸೇವೆಗೆ ಅದಿಲ್ಲ.

ಕಾಸರಗೋಡು ಜಿಲ್ಲೆಗೆ ಈ ಮಾತು ದೂರದ್ದಲ್ಲ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಮೊದಲಾದೆಡೆ ಹುಟ್ಟಿನಿಂದಲೇ ಹಾಸಿಗೆ ಹಿಡಿದ ಮಕ್ಕಳನ್ನು ಜನ ಕಂಡರು. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಆ ವಿಷವನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಆ ಹಣಕ್ಕಾಗಿ ಅನೇಕರು ಮತ್ತೆ ವರ್ಷಗಟ್ಟಲೆ ಕಾಯಬೇಕಾಯಿತು. ಹಣದಿಂದ ಔಷಧಿಯ ಬಾಕಿ ತೀರೀತು, ಆದರೆ ಮಗನ ಮಗ್ಗುಲು ಬದಲಿಸಲು ಕೈಗಳೇ ಬೇಕು.

ಅಲುಗದೆ ಮಲಗಿದ ದೇಹದಲ್ಲಿ ಕೀಲುಗಳು ಬಿಗಿಯುತ್ತವೆ, ಸ್ನಾಯುಗಳು ಸವೆಯುತ್ತವೆ, ಎದೆಯಲ್ಲಿ ಕಫ ಕಟ್ಟುತ್ತದೆ, ಸೊಂಟದ ಹಿಂಭಾಗವೂ ಹಿಮ್ಮಡಿಯೂ ಹುಣ್ಣಾಗುತ್ತವೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಬೇಕು. ಬೆರಳಿನಿಂದ ಭುಜದವರೆಗೆ ಒಂದೊಂದು ಕೀಲನ್ನೂ ನಿಧಾನವಾಗಿ ಮಡಿಸಿ ಬಿಡಿಸಬೇಕು. ಸಾಧ್ಯವಿರುವವರನ್ನು ದಿನಕ್ಕೆ ಕೆಲಹೊತ್ತು ಒರಗಿಸಿ ಕುಳ್ಳಿರಿಸಬೇಕು. ಕೆಂಪಾದ ಅಥವಾ ಕಪ್ಪಿಟ್ಟ ಚರ್ಮವನ್ನು ಉಜ್ಜಲೇಬಾರದು. ನೋವಾದಲ್ಲಿ ಬಲವಂತ ಸಲ್ಲದು; ಕರುಣೆಯಿಂದ ಚಾಚಿದ ಕೈಯೂ ಎಚ್ಚರ ತಪ್ಪಿದರೆ ಹಿಂಸೆಯೇ. ಆದುದರಿಂದ ಫಿಸಿಯೋಥೆರಪಿಸ್ಟರಿಂದಲೋ ಪಂಚಾಯತಿನ ಪಾಲಿಯೇಟಿವ್ ದಾದಿಯಿಂದಲೋ ಮೊದಲು ಕಲಿಯತಕ್ಕದ್ದು.

ಕಿತ್ತಳೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, “ಎಲ್ಲವೂ ಪೂರ್ವಕರ್ಮ” ಎಂದು ಹೇಳಿ ಹೊರಡುವವರುಂಟು. ಇದಕ್ಕಿಂತ ಹಣ್ಣನ್ನು ಕಳುಹಿಸಿ ತಾವು ಮನೆಯಲ್ಲೇ ಉಳಿಯುವುದು ಲೇಸು. ರೋಗಿಯ ಕರ್ಮದ ಖಾತೆ ಕೇವಲಜ್ಞಾನಿಗೆ ಮಾತ್ರ ಗೋಚರ. ಕಂಡೂ ಕೈ ಚಾಚದವನ ಖಾತೆಯಾದರೋ ಅಂದಿನಿಂದಲೇ ತೆರೆಯುತ್ತದೆ.

ಸಿಂಪಡಣೆಯ ಕಾಲದಲ್ಲಿ ಹುಟ್ಟಿದ ಮಕ್ಕಳು ಇಂದು ಪ್ರಾಯಕ್ಕೆ ಬಂದವರು. ಅವರ ದೇಹದ ಭಾರ ಹೆಚ್ಚಿದೆ, ಎತ್ತುವ ತಾಯಂದಿರ ತೋಳು ಸೋತಿದೆ. ವಾರಕ್ಕೊಂದು ಮಧ್ಯಾಹ್ನ ಒಂದು ಮನೆಯಿಂದ ಇಬ್ಬರು ಹೋದರೂ ಸಾಕು. ಮನೆಮಾತು ಕನ್ನಡವೋ ತುಳುವೋ ಮಲಯಾಳವೋ ಗುಜರಾತಿಯೋ, ಮಗ್ಗುಲು ಬದಲಿಸುವುದಕ್ಕೆ ಭಾಷೆ ಅಡ್ಡಿಯಾಗದು. ಅವರು ಅಲ್ಲಿರುವಷ್ಟು ಹೊತ್ತು ಆ ತಾಯಿ ಒಳಕೋಣೆಯಲ್ಲಿ ನಿದ್ರಿಸಲಿ.