ಗಲ್ಲಾಪೆಟ್ಟಿಗೆ ಹೇಳಬಲ್ಲ ಮಾತು

ಗುರುದತ್ ತಮ್ಮ ಹೆಸರಿನಲ್ಲಿ ನಿರ್ದೇಶಿಸಿದ್ದು ಎಂಟೇ ಚಿತ್ರಗಳನ್ನು. 1951ರ ‘ಬಾಜಿ’ ಮೊದಲನೆಯದು, 1959ರ ‘ಕಾಗಜ್ ಕೆ ಫೂಲ್’ ಕೊನೆಯದು. ಅದಾದ ಮೇಲೂ ಅವರು ಐದು ವರ್ಷ ಬದುಕಿದ್ದರು. ಚಿತ್ರ ತಯಾರಿಸಿದರು, ನಾಯಕನಾಗಿ ನಟಿಸಿದರು, ತಮ್ಮ ಸಂಸ್ಥೆಯನ್ನು ನಡೆಸಿದರು. ನಿರ್ದೇಶಕರ ಹೆಸರು ಬರುವ ಜಾಗದಲ್ಲಿ ಮಾತ್ರ ತಮ್ಮ ಹೆಸರನ್ನು ಮತ್ತೆ ಹಾಕಿಕೊಳ್ಳಲಿಲ್ಲ. 1964ರ ಅಕ್ಟೋಬರ್ 10ರಂದು ತೀರಿಕೊಂಡಾಗ ಅವರಿಗೆ 39 ವರ್ಷ.

‘ಕಾಗಜ್ ಕೆ ಫೂಲ್’ ಸೋತಿತು, ಅದರಿಂದ ಮನಸ್ಸು ಮುರಿಯಿತು, ಅಲ್ಲಿಂದ ಸಾವಿನವರೆಗೆ ಒಂದೇ ದಾರಿ ಎಂದು ಈ ಕಥೆಯನ್ನು ಹೇಳುವವರು ಬಹಳ. ಹಾಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಒಬ್ಬರ ಸಾವಿಗೆ ಒಂದು ಚಿತ್ರದ ಗಳಿಕೆಯನ್ನು ಕಾರಣವಾಗಿ ನಿಲ್ಲಿಸಿದರೆ ಆ ಮನುಷ್ಯನಿಗೂ ಅನ್ಯಾಯ, ಆ ಚಿತ್ರಕ್ಕೂ ಅನ್ಯಾಯ. ಆದರೆ ಹೆಸರನ್ನು ಹಿಂದಕ್ಕೆ ತೆಗೆದುಕೊಂಡದ್ದು ಪರದೆಯ ಮೇಲೆಯೇ ಕಾಣುವ ಸಂಗತಿ. ಒಂದು ಚಿತ್ರಕ್ಕೆ ಜನ ಬರಲಿಲ್ಲ ಎನ್ನುವುದರಿಂದ ಹೊರಟು, ಅದನ್ನು ಮಾಡಿದವನು ಇನ್ನು ಆ ಕುರ್ಚಿಯಲ್ಲಿ ಕೂರಬಾರದು ಎನ್ನುವಲ್ಲಿಗೆ ಹೋಗಿ ಮುಟ್ಟುವುದು ಹೇಗೆ? ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಇದು.

ಗುರುದತ್ ಹುಟ್ಟಿದ್ದು 1925ರ ಜುಲೈ 9ರಂದು, ನಮ್ಮ ಬೆಂಗಳೂರಿನಲ್ಲಿ. ಮನೆತನದ ಹೆಸರು ಪಡುಕೋಣೆ. ಬಾಲ್ಯ ಕಳೆದದ್ದು ಕಲ್ಕತ್ತೆಯ ಭವಾನಿಪುರದಲ್ಲಿ, ಆಮೇಲೆ ಆಲ್ಮೋರಾದಲ್ಲಿ ಉದಯಶಂಕರ್ ಅವರ ಬಳಿ ನೃತ್ಯ, ಅಲ್ಲಿಂದ ಪುಣೆಯ ಪ್ರಭಾತ್ ಕಂಪನಿ. ಅಲ್ಲಿ ದೇವ್ ಆನಂದ್ ಗೆಳೆಯರಾದರು. ಮುಂದೆ ದೇವ್ ಆನಂದ್ ಅವರ ನವಕೇತನ್ ಸಂಸ್ಥೆಗಾಗಿಯೇ ‘ಬಾಜಿ’ ತಯಾರಾಯಿತು. ಆ ಸೆಟ್‌ನಲ್ಲಿ ಸಹಾಯಕ ಛಾಯಾಗ್ರಾಹಕರಾಗಿ ಓಡಾಡುತ್ತಿದ್ದ ಮೈಸೂರಿನ ವಿ.ಕೆ. ಮೂರ್ತಿ ಕಷ್ಟದ ಒಂದು ಶಾಟ್ ಸೂಚಿಸಿ ತೆಗೆದು ತೋರಿಸಿದರು. ಗುರುದತ್ ಮೂರ್ತಿಯವರನ್ನು ಕೈಬಿಡಲಿಲ್ಲ. ಮುಂದಿನ ಚಿತ್ರ ‘ಜಾಲ್’ನಿಂದ ಮೂರ್ತಿಯವರೇ ಅವರ ಕ್ಯಾಮೆರಾಮನ್.

ಇಲ್ಲಿ ಒಂದು ವಿಷಯ ಗಮನಿಸಬೇಕು. ಸೋಲು ಗುರುದತ್‌ಗೆ ಹೊಸತಾಗಿರಲಿಲ್ಲ. 1953ರ ‘ಬಾಜ್’ ಹೇಳಿಕೊಳ್ಳುವಷ್ಟು ಗಳಿಸಲಿಲ್ಲ. ಅವರು ಅಲ್ಲಿಗೇ ನಿಲ್ಲದೆ ಮರುವರ್ಷವೇ ‘ಆರ್ ಪಾರ್’ ಮಾಡಿ ಗೆದ್ದರು. ‘ಮಿಸ್ಟರ್ ಆ್ಯಂಡ್ ಮಿಸೆಸ್ 55’ ಕೂಡ ಗೆದ್ದಿತು. ಅವರೇ ತಯಾರಿಸಿ, ತಮ್ಮ ಶಿಷ್ಯ ರಾಜ್ ಖೋಸ್ಲಾ ಅವರಿಂದ ನಿರ್ದೇಶನ ಮಾಡಿಸಿದ ‘ಸಿಐಡಿ’ ಗೆದ್ದಿತು. ಆ ಚಿತ್ರಗಳು ಸೋತಿದ್ದರೂ ಅವರು ಎದ್ದು ನಡೆಯುತ್ತಿದ್ದರು ಎಂದೇ ನನಗೆ ತೋರುತ್ತದೆ. ಏಕೆಂದರೆ ಅವುಗಳಲ್ಲಿ ಅವರ ಕೌಶಲವಿತ್ತು, ಅವರು ಪೂರ್ತಿಯಾಗಿ ಇರಲಿಲ್ಲ. 1957ರ ‘ಪ್ಯಾಸಾ’ದಲ್ಲಿ ಮೊದಲ ಸಲ ತಮ್ಮೊಳಗಿನದನ್ನು ತೆಗೆದು ಹೊರಗಿಟ್ಟರು, ಜನ ಅದನ್ನು ಕೈಚಾಚಿ ತೆಗೆದುಕೊಂಡರು. ಎರಡು ವರ್ಷದ ನಂತರ ಅದಕ್ಕಿಂತ ಆಳಕ್ಕಿಳಿದು ಇನ್ನೊಂದನ್ನು ಇಟ್ಟರು. ಜನ ಬರಲಿಲ್ಲ.

‘ಕಾಗಜ್ ಕೆ ಫೂಲ್’ ಒಬ್ಬ ಚಿತ್ರ ನಿರ್ದೇಶಕನ ಕಥೆ. ಹೆಸರು ಸುರೇಶ್ ಸಿನ್ಹಾ. ಹೆಂಡತಿಯಿಂದ ದೂರವಾದವನು, ಮಗಳನ್ನು ನೋಡಲೂ ಅಪ್ಪಣೆ ಬೇಡಬೇಕಾದವನು. ಮಳೆಯ ದಿನ ಕೊಟ್ಟ ಕೋಟನ್ನು ಹಿಂದಿರುಗಿಸಲು ಸ್ಟುಡಿಯೋಗೆ ಬಂದ ಶಾಂತಿ ಎಂಬ ಹುಡುಗಿ ತಿಳಿಯದೆ ಕ್ಯಾಮೆರಾದ ಮುಂದೆ ಹಾದುಹೋಗುತ್ತಾಳೆ, ತಾರೆಯಾಗುತ್ತಾಳೆ. ಅವಳು ಏರಿದಷ್ಟೂ ಇವನು ಇಳಿಯುತ್ತಾನೆ. ಚಿತ್ರ ಸೋಲುತ್ತದೆ, ಕುಡಿತ ಹತ್ತುತ್ತದೆ, ಕೊನೆಗೆ ಖಾಲಿ ಸ್ಟುಡಿಯೋದ ನಿರ್ದೇಶಕನ ಕುರ್ಚಿಯಲ್ಲೇ ಪ್ರಾಣ ಬಿಡುತ್ತಾನೆ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಿದು. ಅಷ್ಟು ಅಗಲದ ಪರದೆಯನ್ನು ಗುರುದತ್ ವೈಭವ ತೋರಿಸಲು ಬಳಸಲಿಲ್ಲ, ಇಬ್ಬರ ನಡುವಿನ ದೂರವನ್ನು ತೋರಿಸಲು ಬಳಸಿದರು. ಗೀತಾ ದತ್ ಹಾಡಿದ ಒಂದು ಪ್ರಸಿದ್ಧ ಹಾಡಿನಲ್ಲಿ ಮೇಲಿನಿಂದ ಕಂಬದಂತೆ ಇಳಿಯುವ ಬೆಳಕನ್ನು ಮೂರ್ತಿಯವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಪಡೆದರು. ಕೋಲುಬೆಳಕಿನ ಎರಡು ಪಕ್ಕಗಳಲ್ಲಿ ಇಬ್ಬರೂ ನಿಂತಿರುತ್ತಾರೆ. ಒಬ್ಬರೂ ತುಟಿ ತೆರೆಯುವುದಿಲ್ಲ. ಅವರಿಬ್ಬರ ಕಥೆಯೆಲ್ಲ ಆ ಬೆಳಕಿನಲ್ಲಿದೆ. ನಾನು ಕಂಡ ಹಿಂದಿ ಚಿತ್ರಗಳಲ್ಲಿ ಇದಕ್ಕೆ ಸಮನಾದ ದೃಶ್ಯ ಇನ್ನೊಂದಿಲ್ಲ.

ಆ ಛಾಯಾಗ್ರಹಣಕ್ಕೆ ಮೂರ್ತಿಯವರಿಗೆ ಫಿಲಂಫೇರ್ ಪ್ರಶಸ್ತಿ ಬಂತು. ಚಿತ್ರ ಸೋತಿತ್ತು, ಅದೇ ಚಿತ್ರದ ಬೆಳಕು ಗೆದ್ದಿತ್ತು. ಇದು ಸಾಧ್ಯವಾದದ್ದು ಛಾಯಾಗ್ರಹಣವನ್ನು ಛಾಯಾಗ್ರಹಣವೆಂದೇ ನೋಡುವ ಕಣ್ಣು ಎಲ್ಲೋ ಇದ್ದುದರಿಂದ. ಮಾರಾಟವಾದ ಟಿಕೆಟ್ಟಿಗೂ ಈ ಕೆಲಸದ ಗುಣಕ್ಕೂ ಸಂಬಂಧವಿಲ್ಲವೆಂದು ಆಗಲೇ ಗೊತ್ತಿತ್ತು. ನಿರ್ದೇಶಕನ ವಿಷಯಕ್ಕೆ ಬಂದಾಗ ಮಾತ್ರ ಆ ತಿಳಿವಳಿಕೆ ಕೈಕೊಡುತ್ತದೆ. ಚಿತ್ರ ಓಡಿದರೆ ಅವನು ಓಡಿದ, ಬಿದ್ದರೆ ಅವನು ಬಿದ್ದ.

ಹಾಗೆಂದು ಗಲ್ಲಾಪೆಟ್ಟಿಗೆ ಸುಳ್ಳು ಹೇಳುತ್ತದೆ ಎನ್ನಲಾರೆ. ಅದು ನಿಜ ಹೇಳುತ್ತದೆ, ಆದರೆ ಅದಕ್ಕೆ ಗೊತ್ತಿರುವುದು ಒಂದೇ ನಿಜ: ಇಂಥ ಊರಿನಲ್ಲಿ, ಇಂಥ ವಾರ, ಇಷ್ಟು ಜನ ದುಡ್ಡು ಕೊಟ್ಟು ಒಳಗೆ ಬಂದರು. ಏಕೆ ಬಂದರು, ಏಕೆ ಬರಲಿಲ್ಲ ಎಂಬುದು ಅದಕ್ಕೆ ಗೊತ್ತಿಲ್ಲ. ನಮ್ಮ ಪುಟ್ಟಣ್ಣ ಕಣಗಾಲರನ್ನೇ ನೋಡಿ. ತ.ರಾ.ಸು. ಅವರ ಕಾದಂಬರಿಗಳಿಂದ 1972ರಲ್ಲಿ ‘ನಾಗರಹಾವು’ ಮಾಡಿದರು, ನಾಡಿಗೆ ನಾಡೇ ಮುಗಿಬಿದ್ದಿತು. ವಿಷ್ಣುವರ್ಧನ್ ರಾಮಾಚಾರಿಯಾಗಿ ಮನೆಮಾತಾದರು. ಅದೇ ಕಥೆಯನ್ನು ಅದೇ ಪುಟ್ಟಣ್ಣ 1974ರಲ್ಲಿ ರಿಷಿ ಕಪೂರ್ ಅವರನ್ನಿಟ್ಟುಕೊಂಡು ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಎಂದು ಮಾಡಿದರು. ಕನ್ನಡದಲ್ಲಿ ನಟಿಸಿದ್ದ ಅಂಬರೀಷ್ ಅಲ್ಲಿಯೂ ಅದೇ ಪಾತ್ರದಲ್ಲಿದ್ದರು. ಚಿತ್ರ ಬಿದ್ದುಹೋಯಿತು. ಎರಡು ವರ್ಷದಲ್ಲಿ ಪುಟ್ಟಣ್ಣನವರಿಗೆ ಕಸುಬು ಮರೆತುಹೋಗಿರಲಿಲ್ಲ. ಚಾಮಯ್ಯ ಮೇಷ್ಟ್ರೂ ಅವರ ಶಿಷ್ಯ ರಾಮಾಚಾರಿಯೂ ಕನ್ನಡದ ನೋಡುಗರಿಗೆ ಮನೆಯವರಾಗಿದ್ದರು, ಹಿಂದಿಯವರಿಗೆ ಆಗಲಿಲ್ಲ. ಎರಡು ಊರುಗಳ ಗಲ್ಲಾಪೆಟ್ಟಿಗೆಗಳು ಒಬ್ಬನೇ ನಿರ್ದೇಶಕನ ಬಗ್ಗೆ ಎರಡು ಮಾತು ಹೇಳಿದವು ಎಂದಮೇಲೆ, ಅವು ಹೇಳಿದ್ದು ನಿರ್ದೇಶಕನ ಬಗ್ಗೆ ಆಗಿರಲಾರದು.

ಹಣದ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಚಿತ್ರ ಸೋತಾಗ ಮೊದಲು ಪೆಟ್ಟು ತಿನ್ನುವವರು ವಿತರಕರು. ಪ್ರಾಂತ್ಯವಾರು ಹಕ್ಕು ಕೊಂಡು, ಎಷ್ಟೋ ಸಲ ಬಡ್ಡಿಗೆ ತಂದ ದುಡ್ಡನ್ನು ಮುಂಗಡ ಕಟ್ಟಿ ಕಾದಿರುತ್ತಾರೆ. ಅವರ ಹಿಂದೆ ಚಿತ್ರಮಂದಿರದವರು, ಈಚೆಗೆ ಸ್ಟುಡಿಯೋದ ದಿನಗೂಲಿಯವರು, ಬಡಗಿ, ದರ್ಜಿ, ದೀಪ ಹೊರುವವರು. ‘ಕಲೆ ದೊಡ್ಡದು, ಹಣ ಯಾವ ಲೆಕ್ಕ’ ಎಂದು ಅವರ ಮುಂದೆ ನಿಂತು ಹೇಳುವ ಹಕ್ಕು ಯಾರಿಗೂ ಇಲ್ಲ. ಇನ್ನೊಬ್ಬರ ದುಡ್ಡಿನಲ್ಲಿ ಕನಸು ಕಂಡವನ ಮೇಲೆ ಆ ದುಡ್ಡಿನ ಋಣವಿದೆ.

ಗುರುದತ್ ಆ ಋಣವನ್ನು ಅರಿತಿದ್ದರು. ಮರುವರ್ಷ, 1960ರಲ್ಲಿ, ‘ಚೌದವೀಂ ಕಾ ಚಾಂದ್’ ತಯಾರಿಸಿದರು. ಲಖನೌದ ಮುಸ್ಲಿಂ ಸಮಾಜದ ಕಥೆ, ಎಂ. ಸಾದಿಕ್ ಅವರ ನಿರ್ದೇಶನ, ರವಿಯವರ ಸಂಗೀತ. ಚಿತ್ರ ದೊಡ್ಡ ಯಶಸ್ಸು ಕಂಡಿತು, ಸಂಸ್ಥೆ ಉಳಿಯಿತು, ಅದನ್ನು ನಂಬಿದವರ ಒಲೆ ಉರಿಯಿತು. ಇದು ಮರ್ಯಾದಸ್ಥನ ನಡೆ. ಅವರ ಬದುಕಿನ ಕಥೆ ಹೇಳುವವರು ಈ ಘಟ್ಟವನ್ನು ಅವಸರದಲ್ಲಿ ದಾಟಿಬಿಡುತ್ತಾರೆಂಬುದು ನನಗೆ ನೋವಿನ ಸಂಗತಿ. ಸೋತ ಮೇಲೆ ಕುಸಿದು ಕೂತವರ ಚಿತ್ರ ಇದಲ್ಲ. ಹೊಣೆ ಹೊತ್ತು ಎದ್ದವರ ಚಿತ್ರ.

ಹಾಗಾದರೆ ಸಾಲ ತೀರಿತಲ್ಲ, ಹೆಸರೇಕೆ ಮರಳಿ ಬರಲಿಲ್ಲ? 1962ರಲ್ಲಿ ‘ಸಾಹಿಬ್ ಬೀಬಿ ಔರ್ ಗುಲಾಮ್’ ಬಂತು. ಬಿಮಲ್ ಮಿತ್ರ ಅವರ ಬಂಗಾಳಿ ಕಾದಂಬರಿ, ಮೀನಾ ಕುಮಾರಿಯವರ ಛೋಟಿ ಬಹೂ, ಮತ್ತೆ ಮೂರ್ತಿಯವರ ಕ್ಯಾಮೆರಾ. ನಿರ್ದೇಶನ ಅಬ್ರಾರ್ ಆಲ್ವಿ ಎಂದು ಪರದೆ ಹೇಳುತ್ತದೆ, ಅತ್ಯುತ್ತಮ ನಿರ್ದೇಶಕನ ಫಿಲಂಫೇರ್ ಕೂಡ ಅವರಿಗೇ ಸಂದಿತು. ಆಲ್ವಿ ಅದು ತಮ್ಮ ಚಿತ್ರವೆಂದು ಕೊನೆಯವರೆಗೂ ಹೇಳಿದರು, ಅವರ ಮಾತನ್ನು ಅಲ್ಲಗಳೆಯಲು ನನಗೆ ಕಾರಣವಿಲ್ಲ. ಹಾಡುಗಳನ್ನು ಗುರುದತ್ ಚಿತ್ರೀಕರಿಸಿದರೆಂದು ಅವರೂ ಒಪ್ಪಿದ್ದಾರೆ. ಅಂದರೆ ಕ್ಯಾಮೆರಾ ಎಲ್ಲಿಡಬೇಕು, ಮುಖದ ಮೇಲೆ ನೆರಳು ಯಾವ ಕಡೆಯಿಂದ ಬೀಳಬೇಕು ಎಂದು ಯೋಚಿಸುವ ಆಸೆ ಅವರಲ್ಲಿ ಬತ್ತಿರಲಿಲ್ಲ. ಅದೇ ಸೆಟ್, ಅದೇ ಮೂರ್ತಿ, ಅದೇ ಕೆಲಸ. ಇಲ್ಲದ್ದು ಹೆಸರೊಂದೇ. ಸಾಲವನ್ನು ಅವರು ಹಿಂದಿರುಗಿಸಿದರು. ಅದರ ಜೊತೆಗೆ ಬಂದ ಅವಮಾನವನ್ನು ಹಿಂದಿರುಗಿಸಲು ಬರುವುದಿಲ್ಲ. ಅದನ್ನು ಬೇರೆಯವರು ಬಂದು ಇಳಿಸಬೇಕು.

ರಾಜ್ ಕಪೂರ್ ಅವರಿಗೂ ಇಂಥದ್ದೇ ಪೆಟ್ಟು ಬಿದ್ದಿತ್ತು. ವರ್ಷಗಟ್ಟಲೆ ದುಡಿದು, ಇದ್ದದ್ದನ್ನೆಲ್ಲ ಸುರಿದು ಮಾಡಿದ ‘ಮೇರಾ ನಾಮ್ ಜೋಕರ್’ 1970ರಲ್ಲಿ ನೆಲಕಚ್ಚಿತು. 1973ರಲ್ಲಿ ‘ಬಾಬಿ’ ಮಾಡಿ ತಮ್ಮ ಹೆಸರಿನಲ್ಲೇ ಎದ್ದು ನಿಂತರು. ಒಬ್ಬರ ಧೈರ್ಯವನ್ನು ಇನ್ನೊಬ್ಬರ ಮುಂದಿಟ್ಟು ತೂಗುವ ಆಸೆ ನನಗಿಲ್ಲ. ಬೆನ್ನ ಹಿಂದೆ ಒಂದು ಮನೆತನವೇ ಇದ್ದವರಿಗೆ ಸಾಧ್ಯವಾದದ್ದು, ಒಂಟಿಯಾಗಿ ಬೆಳೆದವರಿಗೆ ಸಾಧ್ಯವಾಗಬೇಕೆಂದಿಲ್ಲ.

ಈಗ ಎಲ್ಲರೂ ಹೇಳುವ ಸಮಾಧಾನದ ಮಾತಿಗೆ ಬರುತ್ತೇನೆ. ಕಾಲ ನ್ಯಾಯ ಕೊಟ್ಟಿತು ಎನ್ನುತ್ತಾರೆ. ನಿಜ, ಅಂದು ಖಾಲಿ ಕುರ್ಚಿಗಳ ಮುಂದೆ ಓಡಿದ ಚಿತ್ರವನ್ನು ಇಂದು ಸಿನಿಮಾ ಕಲಿಯುವ ಮಕ್ಕಳು ಫ್ರೇಮ್ ಫ್ರೇಮ್ ಬಿಡಿಸಿ ನೋಡುತ್ತಾರೆ. 2004ರಲ್ಲಿ ಗುರುದತ್ ಹೆಸರಿನ ಅಂಚೆಚೀಟಿ ಬಂತು. 2005ರಲ್ಲಿ ‘ಟೈಮ್’ ಪತ್ರಿಕೆ ಜಗತ್ತಿನ ಶ್ರೇಷ್ಠ ನೂರು ಚಿತ್ರಗಳಲ್ಲಿ ‘ಪ್ಯಾಸಾ’ವನ್ನು ಸೇರಿಸಿತು. ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು, ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರು. ಇವೆಲ್ಲ ಸಂತೋಷದ ವಿಷಯಗಳೇ. ಮೂರ್ತಿಯವರು ಇದ್ದು, ನೋಡಿ, ಕೈಯಾರೆ ತೆಗೆದುಕೊಂಡರು. ಗುರುದತ್ ಇರಲಿಲ್ಲ. ಸತ್ತವರಿಗೆ ತಲುಪದ ಮೆಚ್ಚುಗೆಯನ್ನು ಅವರಿಗೆ ಸಂದ ನ್ಯಾಯ ಎಂದು ಕರೆಯಲು ನನ್ನಿಂದಾಗದು. ಅದು ನಮ್ಮ ಸಂತೋಷ. ಅಲ್ಲದೆ, ‘ನೋಡಿ, ಈಗ ಎಷ್ಟು ಜನ ನೋಡುತ್ತಿದ್ದಾರೆ’ ಎಂದು ನಾವು ಹೇಳುವಾಗ ಮತ್ತೆ ತಲೆಯನ್ನೇ ಎಣಿಸುತ್ತಿದ್ದೇವೆ, ವಾರದ ಬದಲು ಅರ್ಧ ಶತಮಾನದ ಲೆಕ್ಕ ಹಿಡಿದಿದ್ದೇವೆ, ಅಷ್ಟೆ. ನಾಳೆ ಯಾರೂ ನೋಡದೆ ಹೋದರೂ ಆ ಬೆಳಕಿನ ಕಂಬ ಹಾಗೇ ಇರುತ್ತದೆ.

ಈ ಸಮಾಧಾನವನ್ನು ಗುರುದತ್ ಅವರೇ ಮೊದಲೇ ನಿರಾಕರಿಸಿದ್ದರು. ‘ಪ್ಯಾಸಾ’ದ ಕವಿ ವಿಜಯ್‌ನ ಬರಹಗಳನ್ನು ಅಣ್ಣಂದಿರು ರದ್ದಿಗೆ ಹಾಕುತ್ತಾರೆ. ಪ್ರಕಾಶಕ ಅವನನ್ನು ಕೀಳಾಗಿ ಕಾಣುತ್ತಾನೆ. ಅವನು ಸತ್ತನೆಂಬ ಸುದ್ದಿ ಹಬ್ಬಿದ ಮೇಲೆ ಅದೇ ಕವಿತೆಗಳು ಪುಸ್ತಕವಾಗಿ ಬಿಸಿಬಿಸಿಯಾಗಿ ಮಾರಾಟವಾಗುತ್ತವೆ, ಪುಣ್ಯತಿಥಿಗೆ ಸಭಾಂಗಣ ತುಂಬುತ್ತದೆ. ವಿಜಯ್ ಬಾಗಿಲಲ್ಲಿ ಬಂದು ನಿಂತು ಆ ಜಯಕಾರವನ್ನೆಲ್ಲ ತಿರಸ್ಕರಿಸುತ್ತಾನೆ, ನಾನು ವಿಜಯನೇ ಅಲ್ಲ ಎನ್ನುತ್ತಾನೆ. ಅವನು ಕೊನೆಗೆ ಕೈಹಿಡಿದು ಹೊರಡುವುದು ಗುಲಾಬೋ ಎಂಬ ಬೀದಿಯ ಹೆಣ್ಣಿನ ಜೊತೆ. ಏಕೆ ಅವಳು? ರದ್ದಿ ಅಂಗಡಿಯಲ್ಲಿದ್ದ ಆ ಹಾಳೆಗಳನ್ನು ತನ್ನ ದುಡ್ಡು ಕೊಟ್ಟು ತಂದು ಓದಿ, ಬಾಯಿಪಾಠ ಮಾಡಿಕೊಂಡು ಇಟ್ಟುಕೊಂಡವಳು ಅವಳು. ಆಗ ಆ ಕವಿಯ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಅವಳಿಗೆ ಸಭಾಂಗಣದ ತೀರ್ಪು ಬೇಕಾಗಿರಲಿಲ್ಲ, ಓದಿದ್ದಳು, ಅಷ್ಟು ಸಾಕಾಗಿತ್ತು.

1959ರಲ್ಲಿ ‘ಕಾಗಜ್ ಕೆ ಫೂಲ್’ ನೋಡಿ ಮನಸ್ಸು ತುಂಬಿಕೊಂಡು ಹೊರಬಂದವರು ಇರಲೇಬೇಕು. ಅರೆಖಾಲಿ ಚಿತ್ರಮಂದಿರದಲ್ಲಿ ಕೂತಿದ್ದ ಅವರ ಮೆಚ್ಚುಗೆ ಯಾವ ಲೆಕ್ಕದ ಪುಸ್ತಕಕ್ಕೂ ಸೇರಲಿಲ್ಲ. ಅದು ಗುರುದತ್ ಅವರ ತನಕ ಹೋಗುವ ದಾರಿಯೂ ಇರಲಿಲ್ಲ. ಈಗ ದಾರಿ ಇದೆ, ಆದರೆ ಆ ದಾರಿಯ ತುಂಬ ಕೋಟಿಗಳ ಮಾತು ತುಂಬಿದೆ. ಶುಕ್ರವಾರ ಬಿಡುಗಡೆಯಾದ ಕನ್ನಡ ಚಿತ್ರದ ಬಗ್ಗೆ ಶನಿವಾರ ಬೆಳಿಗ್ಗೆ ಕೇಳುವ ಮೊದಲ ಪ್ರಶ್ನೆ ಮೊದಲ ದಿನ ಎಷ್ಟಾಯಿತು ಎಂಬುದು. ಆ ಹಣದಲ್ಲಿ ಒಂದು ಪೈಸೆಯ ಪಾಲಿಲ್ಲದ ಯುವಕರು ಅದಕ್ಕಾಗಿ ಜಗಳವಾಡುತ್ತಾರೆ. ಬಾಯಿಮಾತು ಹರಡಲು ಒಂದು ವಾರವಾದರೂ ಬೇಕು. ಅಷ್ಟರಲ್ಲಿ ಸಣ್ಣ ಚಿತ್ರದ ಆಟಗಳು ಕಡಿಮೆಯಾಗಿ, ಉಳಿದ ಒಂದೆರಡು ಬೆಳಿಗ್ಗೆ ಹತ್ತಕ್ಕೋ ರಾತ್ರಿ ಹತ್ತಕ್ಕೋ ಸರಿದಿರುತ್ತವೆ. ಹೊಸ ನಿರ್ದೇಶಕನಿಗೆ ಸೋಮವಾರದ ಹೊತ್ತಿಗೆ ತೀರ್ಪು ಸಿಕ್ಕಿರುತ್ತದೆ, ಚಿತ್ರದಲ್ಲಿ ಏನಿತ್ತು ಎಂದು ಮಾತಾಡಿದವರು ಒಬ್ಬರೂ ಸಿಕ್ಕಿರುವುದಿಲ್ಲ.

ವಿತರಕರು ಎಣಿಸಲಿ, ಅದು ಅವರ ಹೊಟ್ಟೆಪಾಡು. ನಾವು ಟಿಕೆಟ್ ಕೊಂಡವರು. ಎರಡೂವರೆ ಗಂಟೆ ಕತ್ತಲಲ್ಲಿ ಕೂತು ಒಂದು ದೃಶ್ಯಕ್ಕೆ ಕಣ್ಣು ತುಂಬಿಕೊಂಡಿದ್ದರೆ, ಆ ದೃಶ್ಯ ಯಾವುದು, ಅದು ನಮಗೇಕೆ ತಟ್ಟಿತು ಎಂದು ಹೇಳಬಲ್ಲವರು ನಾವೇ. ಅದನ್ನು ಮಾಡಿದವರು ಇನ್ನೂ ಇದ್ದಾರೆ, ಮುಂದಿನ ಚಿತ್ರದ ಕಥೆ ಬರೆಯಲೋ ಬೇಡವೋ ಎಂದು ಈ ವಾರವೇ ಯೋಚಿಸುತ್ತಿರುತ್ತಾರೆ.